ಗುರುಮನೆಯ ತಮ್ಮ

ರುಯಿವೆನ್ ಚಹಾದ ಕೆಟಲ್ಲಿಗೆ ಕೈ ಹಾಕಿದ್ದೇ ತಡ, ಪ್ರೊಫೆಸರ್ ಇಪ್ ತಮ್ಮ ಚಾಪ್‌ಸ್ಟಿಕ್ಕಿನಿಂದ ಅವಳ ಮಣಿಕಟ್ಟಿಗೆ ಮೆಲ್ಲಗೆ ಒಂದೇಟು ಹಾಕಿದರು.

“ಇಡು ಕೆಳಗೆ. ಚಹಾ ಬಗ್ಗಿಸೋದು ತಮ್ಮನ ಕೆಲಸ. ಅಕ್ಕ ಆದವಳು ಕೂತ್ಕೊಂಡು ಕುಡೀಬೇಕು.”

ತಮ್ಮ ಎಂದರೆ ಫೆಂಗ್. ತಲೆ ಅರ್ಧ ನರೆತಿತ್ತು. ವಾರವಿಡೀ ಅವರು ಅವಳ ಶಾಲೆಯ ಹೆಡ್‌ಮಾಸ್ತರು. ಶನಿವಾರ ಇಬ್ಬರೂ ಗಡಿ ದಾಟಿ ಮಕಾವಿಗೆ ಬಂದರೆ ಮಾತ್ರ ಲೆಕ್ಕ ಬೇರೆ. ಶಿಕ್ಷಣದ ಡಾಕ್ಟರೇಟಿಗೆಂದು ಪ್ರೊಫೆಸರ್ ಇಪ್ ಅವರ ಬಳಿ ಮೊದಲು ಸೇರಿದವಳು ರುಯಿವೆನ್, ಮರುವರ್ಷ ಬಂದವರು ಫೆಂಗ್. ಗುರುಮನೆಯಲ್ಲಿ ವಯಸ್ಸು ಕೇಳುವವರಿಲ್ಲ. ಹೊಸ್ತಿಲು ಮೊದಲು ದಾಟಿದವಳು ಅಕ್ಕ, ಆಮೇಲೆ ದಾಟಿದವನು ತಮ್ಮ.

“ತಗೊಳ್ಳಿ ಅಕ್ಕಾ” ಎಂದು ಫೆಂಗ್ ಎದ್ದು ನಿಂತು ಎರಡೂ ಕೈಯಿಂದ ಬಗ್ಗಿಸಿದರು. ಹೋಟೆಲಿನ ಪಕ್ಕದ ಮೇಜಿನವರು ತಿರುಗಿ ನೋಡಿ ನಕ್ಕರು. ರುಯಿವೆನ್ ಅಲ್ಲಿನ ರೂಢಿಯಂತೆ ಎರಡು ಬೆರಳಿನಿಂದ ಮೇಜು ತಟ್ಟಿ ಕೃತಜ್ಞತೆ ಸಲ್ಲಿಸಿದಳು. ಎಲ್ಲರೂ ತಟ್ಟುವ ಹಾಗೆಯೇ, ಆದರೆ ಕೊಂಚ ಅವಸರದಲ್ಲಿ, ಹೆಡ್‌ಮಾಸ್ತರ ಕೋಣೆಯ ಬಾಗಿಲು ತಟ್ಟಿದಂತೆ. ಗುರುಗಳು ಎಷ್ಟು ಗದರಿದರೂ ‘ತಮ್ಮ’ ಎಂಬ ಮಾತು ಈವರೆಗೆ ಅವಳ ಬಾಯಿಂದ ಹೊರಟಿರಲಿಲ್ಲ. ಗಂಟಲಿಗೆ ಬಂದದ್ದು ‘ಸರ್’ ಆಗಿಬಿಡುತ್ತಿತ್ತು.

ಇಂಗ್ಲಿಷ್ ಬಾರದವಳಿಗೆ ಡಾಕ್ಟರೇಟು ಯಾಕೆ ಎಂದು ಸ್ಟಾಫ್‌ರೂಮಿನಲ್ಲಿ ಮೊದಲು ನಕ್ಕವರು ಈ ಫೆಂಗ್ ಅವರೇ. ಮಕಾವಿನಲ್ಲಿ ಪಾಠ, ಚರ್ಚೆ, ಪ್ರಬಂಧ ಎಲ್ಲವೂ ಚೀನೀ ಭಾಷೆಯಲ್ಲೇ ಎಂದು ಅವಳು ಹೇಳಿದಾಗ, ಹಾಗಾದರೆ ಅದು ಅರ್ಧ ಡಾಕ್ಟರೇಟು ಎಂದಿದ್ದರು. ಶಿಕ್ಷಣ ಇಲಾಖೆಯಲ್ಲಿ ಡಾಕ್ಟರೇಟು ಬೇಡುವ ದೊಡ್ಡ ಹುದ್ದೆಯೊಂದು ಖಾಲಿಯಾಗುವ ಸುದ್ದಿ ಬಂದದ್ದೇ, ಅದೇ ಅರ್ಧಕ್ಕೆ ತಾವೂ ಅರ್ಜಿ ಹಾಕಿದರು.

ಪ್ರೊಫೆಸರರ ಫೋನು ಬಡಿದುಕೊಂಡಿತು. ಅವರು ಹೊರಗೆ ಹೋದರು. ಫೆಂಗ್ ಮೇಜಿನ ನಡುವೆ ತಿಂಡಿಯ ತಟ್ಟೆಗಳಿದ್ದ ಚಕ್ರವನ್ನು ತಿರುಗಿಸಿ, ಸಿಗಡಿಯ ಕಡುಬು ಅವಳ ಮುಂದೆ ಬರುವಂತೆ ನಿಲ್ಲಿಸಿದರು. ‘ಅಕ್ಕ’ ಅಷ್ಟರಲ್ಲಿ ಮಾಯವಾಗಿ, ಶಾಲೆಯಲ್ಲಿ ಅವಳನ್ನು ಕರೆಯುವ ಮನೆತನದ ಹೆಸರು ಬಂದಿತ್ತು.

“ಕ್ವಾಂಗ್ ಟೀಚರ್, ಆ ಹಿಂದಿನ ಬೆಂಚಿನ ವಿಷಯ ನನಗೆ ಬಿಟ್ಕೊಡಿ.”

ಎರಡು ವರ್ಷದಿಂದ ಅವಳು ಪುಟ್ಟ ಸ್ಟೂಲು ಹಿಡಿದು ಸಹೋದ್ಯೋಗಿಗಳ ತರಗತಿಗಳ ಕೊನೆಯ ಸಾಲಿನಲ್ಲಿ ಕೂರುತ್ತ ಬಂದಿದ್ದಳು. ಅಂಕ ಕಡಿಮೆಯಾದವರು ಹಿಂದಕ್ಕೆ ಎಂಬುದು ಶಾಲೆಯ ನಿಯಮ, ತಂದವರು ಫೆಂಗ್. ಅಲ್ಲಿ ಕೂತರೆ ಕಿಟಕಿಯ ಬೆಳಕಿಗೆ ಅರ್ಧ ಬೋರ್ಡು ಬರೀ ಹೊಳಪು. ಅಲ್ಲಿಗೆ ಬಂದ ಮಗು ಮೊದಲು ಬೋರ್ಡು ನೋಡುವುದನ್ನು ಬಿಡುತ್ತದೆ, ಆಮೇಲೆ ಪುಸ್ತಕ ತೆರೆಯುವುದನ್ನು. ತಿರುಗಿ ಮುಂದಕ್ಕೆ ಹೋದ ಒಂದೇ ಒಂದು ಮಗುವನ್ನೂ ಅವಳು ಕಂಡಿರಲಿಲ್ಲ. ಅವಳ ಪ್ರಬಂಧವೆಂದರೆ ಅದೇ. ಮೊದಲ ದಿನ ಸ್ಟೂಲು ಹಾಕಿಕೊಂಡಾಗ ಪಕ್ಕದ ಹುಡುಗಿ ಪಿಸುಗುಟ್ಟಿದ್ದಳು: “ಟೀಚರ್, ನಿಮಗೂ ಮಾರ್ಕ್ಸು ಕಮ್ಮಿ ಬಂತಾ?”

ಫೆಂಗ್ ಅವಸರಪಡಲಿಲ್ಲ. ಅವಳಿಗೆ ಇನ್ನೂ ವಯಸ್ಸಿದೆ, ಬೇರೆ ವಿಷಯ ಹುಡುಕಿಕೊಂಡರಾಯಿತು. ಸೆಪ್ಟೆಂಬರಿನಲ್ಲಿ ಉಪ ಹೆಡ್‌ಮಾಸ್ತರ ಕುರ್ಚಿ ತೆರವಾಗುತ್ತದೆ, ಅವಳದಲ್ಲದೆ ಬೇರೆ ಯಾರ ಹೆಸರೂ ಅವರ ಮನಸ್ಸಿನಲ್ಲಿಲ್ಲ. ಅಲ್ಲದೆ ಶಾಲೆ ಯಾರದು, ಸ್ಟೂಲು ಹಾಕಲು ಅನುಮತಿ ಕೊಟ್ಟವರು ಯಾರು? ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲೂಬಹುದು. ಇಷ್ಟನ್ನೂ ಅವರು ಕಡುಬು ಅಗಿಯುತ್ತಲೇ ಹೇಳಿದರು.

“ನೀವು ಬರೆದ್ರೆ ಅದು ಲೈಬ್ರರಿಯಲ್ಲಿ ಧೂಳು ತಿನ್ನುತ್ತೆ. ಇಲಾಖೆಗೆ ಹೋಗೋ ನಾನು ಬರೆದ್ರೆ ಆ ಬೆಂಚು ನಿಜವಾಗ್ಲೂ ಅಲ್ಲಾಡುತ್ತೆ. ಮಕ್ಕಳ ಮೇಲೆ ಪ್ರೀತಿ ಇದ್ರೆ ಯೋಚನೆ ಮಾಡಿ.”

ಮಾತಿನಲ್ಲಿ ಹುರುಳಿತ್ತು. ಅದಕ್ಕೇ ಅದು ಚುಚ್ಚಿತು. ಅವಳು ಕಪ್ಪಿನ ಕಡೆ ನೋಡುತ್ತ ಕೇಳಿದಳು:

“ಅವರನ್ನ ಅಲ್ಲಿ ಕೂರಿಸಿದ್ದು ಯಾರು ಅಂತಾನೂ ಬರೀತೀರಾ, ಸರ್?”

ಫೆಂಗ್ ನಕ್ಕರು. “ಪ್ರಬಂಧದಲ್ಲಿ ಯಾರ ಹೆಸರೂ ಹಾಕೋ ಪದ್ಧತಿ ಇಲ್ವಲ್ಲ, ಟೀಚರ್.”

ಪ್ರೊಫೆಸರ್ ಇಪ್ ಹಿಂದಿರುಗಿದರು. ಕೂರುತ್ತಲೇ ಫೆಂಗ್ ಕಡೆ ತಿರುಗಿ, ಮುಂದಿನ ವಾರ ಸಮಿತಿಯ ಮುಂದೆ ವಿಷಯ ಮಂಡಿಸಬೇಕು, ಏನಾದರೂ ಹೊಳೆಯಿತೋ ಇಲ್ಲವೋ ಎಂದು ವಿಚಾರಿಸಿದರು. ಫೆಂಗ್ ಎದ್ದು ನಿಂತರು. ಮುಖದ ಮೇಲೆ ತಮ್ಮ ಮತ್ತೆ ಬಂದು ಕೂತಿದ್ದ.

“ಸಿಕ್ತು ಗುರುಗಳೇ. ಅಕ್ಕ ತಾವು ಹಿಡಿದ ವಿಷಯವನ್ನೇ ನನಗೆ ಧಾರೆ ಎರೀತಿದ್ದಾರೆ. ಅಕ್ಕ ಅಂದ್ರೆ ಸುಮ್ನೇನಾ?”

ಕೆಟಲ್ಲು ಎತ್ತಿ ಅವಳ ಕಪ್ಪಿಗೆ ಬಗ್ಗಿಸಿದರು. ಅಂಚಿನವರೆಗೆ ತುಂಬಿದರೆ ಅತಿಥಿಗೆ ಅವಮಾನ ಎನ್ನುವುದನ್ನೂ ಮರೆತು ತುಂಬಿದರು. ಎರಡು ಕೈಯಲ್ಲಿ ಎತ್ತಿ ಅವಳ ಮುಂದಿಟ್ಟರು. ಇನ್ನು ಎರಡು ಬೆರಳು ಒಮ್ಮೆ ಮೇಜಿಗೆ ತಾಗಿದರೆ ಸಾಕು, ಅವಳು ಒಪ್ಪಿದಂತೆ, ಮುಗಿಯಿತು. ಪ್ರೊಫೆಸರ್ ಅವಳ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು.

ಬೆರಳು ಅಲುಗಲಿಲ್ಲ. ಸೋಮವಾರ ಬೆಳಗ್ಗೆ ತನ್ನ ಸ್ಟೂಲು ಯಾವ ಗೋದಾಮಿನಲ್ಲಿ ಬಿದ್ದಿರುತ್ತದೆ ಎಂಬುದೂ ಅವಳ ಕಣ್ಣಿಗೆ ಕಟ್ಟಿತು. ಅವಳು ಅಂಗೈಯಿಂದ ಕಪ್ಪನ್ನು ಅವರ ಕಡೆಗೇ ತಳ್ಳಿದಳು. ಚಹಾ ಚೆಲ್ಲಿ ಬಿಳಿಯ ಮೇಜುಬಟ್ಟೆಯ ಮೇಲೆ ಹರಡುತ್ತ ಹೋಯಿತು.

“ಇಲ್ಲ, ತಮ್ಮಾ,” ಎಂದಳು ರುಯಿವೆನ್. “ಕೊಡೋದಿಲ್ಲ.”