ಅಪ್ಪನ ಬ್ರಶ್

“ಸ್ಪ್ರೇ ಡಬ್ಬಿ ಒತ್ತಿ ಬಣ್ಣ ಹೊಡೆಯೋದೂ ಒಂದು ಕೆಲ್ಸಾನಾ? ನಾಚಿಕೆ ಆಗಲ್ವಾ ನಿಂಗೆ?” ಅಪ್ಪ ಮಗಳ ಮೂಗಿನ ಮುಂದೆ ಬ್ರಶ್ ಆಡಿಸಿದರು. ಬಾಲ್ಕನಿಯಲ್ಲಿ ಹಳೇ ಪೇಪರಿನ ಮೇಲೆ ಅವಳ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರು ಒಂದೇ ಏಟಿಗೆ ಕೆಂಪಾಗಿ, ಒಣಗಲು ನಿಂತಿದ್ದರು. “ಶೋಕೇಸಲ್ಲಿರೋ ನನ್ನ ಸೈನ್ಯ ನೋಡು. ಒಬ್ಬೊಬ್ಬನಿಗೂ ಬ್ರಶ್ಶಲ್ಲೇ ಕೆಂಪು ಹಚ್ಚಿದ್ದು. ಬೆವರು ಸುರಿಸಿದ್ದೀನಿ ಕಣೇ!”

ಅಪ್ಪ ಯಾವಾಗಲೂ ಹೇಳುವ ಆ ಮಾತು ನಂಬಿಕೊಂಡು ತಿಂಗಳುಗಟ್ಟಲೆ, ತಳಕ್ಕೆ ಹಚ್ಚಿದ ಕಪ್ಪು ಪ್ರೈಮರಿನ ಮೇಲೆ ಕೆಂಪು ಬಳಿದೂ ಬಳಿದೂ, ಸೈನಿಕರ ಕಣ್ಣು ಮೂಗೆಲ್ಲ ಬಣ್ಣದಲ್ಲಿ ಮುಚ್ಚಿಹೋದಾಗ ಅತ್ತಿದ್ದವಳು ಅವಳು. ಕೆಂಪು ಸ್ಪ್ರೇ ಡಬ್ಬಿಯನ್ನು ಅಪ್ಪನ ಮುಂದೆ ಕುಕ್ಕಿದಳು.

“ಇದು ನಿಮ್ಮ ಕಪಾಟಲ್ಲೇ ಸಿಕ್ಕಿದ್ದು, ಅಪ್ಪ. ಆಗಲೇ ಅರ್ಧ ಖಾಲಿಯಾಗಿತ್ತು.”

ಗಾಳಿಯಲ್ಲೇ ನಿಂತುಬಿಟ್ಟ ಬ್ರಶ್ಶಿನ ಬಿಳಿ ಕೂದಲಿಗೆ ಒಂದು ಹನಿ ಕೆಂಪೂ ತಾಗಿರಲಿಲ್ಲ.