ಸಿಲಬಸ್ ಪುಸ್ತಕ

ಕರಿಬಸವಯ್ಯ ಹೋಟೆಲಿನ ಹೊಸ್ತಿಲು ದಾಟಿದ್ದೇ ತಡ, ದ್ಯಾವಪ್ಪ ರಾಜ್ಯಶಾಸ್ತ್ರದ ಪುಸ್ತಕವನ್ನು ತೊಡೆಯ ಕೆಳಗೆ ಸರಿಸಿಕೊಂಡ. ಮೂಲಭೂತ ಹಕ್ಕುಗಳ ಬಗ್ಗೆ ಏರುದನಿಯಲ್ಲಿ ನಡೆದಿದ್ದ ಚರ್ಚೆ ಅಲ್ಲಿಗೇ ನಿಂತಿತು. ತುರ್ತು ಪರಿಸ್ಥಿತಿಯ ವಿರುದ್ಧ ಕರಪತ್ರ ಹಂಚಿ ಜೈಲು ಸೇರಿದ್ದ ಕರಿಬಸವಯ್ಯ ಹಿಂದಿನ ದಿನವಷ್ಟೇ ತುಮಕೂರಿಗೆ ಮರಳಿದ್ದ. ಸಂಜೆ ಕಾಲೇಜಿನ ಈ ಗೆಳೆಯರ ಜಗಳ ಕೇಳುವುದಕ್ಕೇ ಅವನ ಜೀವ ಹಾತೊರೆದಿತ್ತು.

"ಅದು ಸಿಲಬಸ್ ಪುಸ್ತಕ ಕಣ್ಲಾ, ಬಾಂಬಲ್ಲ," ಎಂದು ನಗುತ್ತಾ ಬೆಂಚಿನ ಮೇಲೆ ಕೂತ. "ಹೇಳ್ರೋ, ಎಲ್ಲಿಗೆ ಬಂತು ವಾದ?"

"ಯಾವ ವಾದಾನೂ ಇಲ್ಲ ಬುಡು," ಎಂದ ದ್ಯಾವಪ್ಪನ ಕಣ್ಣು ಬಾಗಿಲ ಕಡೆಗಿತ್ತು. ಪಕ್ಕದಲ್ಲಿದ್ದ ಗಂಗಹನುಮಯ್ಯ ಬಗ್ಗಿ ಮೆಲ್ಲಗೆ ಕೇಳಿದ: "ನಿನ್ ಹಿಂದೆ ಯಾರೂ ಬಂದಿಲ್ಲ ತಾನೇ?" ಅವನಿಗೆ ಸರ್ಕಾರಿ ಗುಮಾಸ್ತೆ ಕೆಲಸ ಸಿಕ್ಕಿ ಇನ್ನೂ ಖಾಯಂ ಆಗಿರಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳಲು ಹವಣಿಸಿದ.

ಅದನ್ನು ಕಂಡು ಕರಿಬಸವಯ್ಯನ ನಗು ಆರಿತು. ಜೈಲಿನಲ್ಲಿ ಇವರಿಗೆಂದೇ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡು, "ಗುಬ್ಬಿ ಸಂತೇಲಿ ಕೊಬ್ಬರಿ ರೇಟ್ ಹೆಂಗಿದ್ಯಂತೆ?" ಎಂದ. ಇಬ್ಬರೂ ನೀಳವಾಗಿ ಉಸಿರು ಬಿಟ್ಟು, ಒಬ್ಬರ ಮೇಲೊಬ್ಬರು ಬಿದ್ದು ಮಾತಿಗೆ ಶುರುಮಾಡಿದರು.