ಹೊಟ್ಟೆಯೊಳಗಿನ ಹೂರಣ

ಓವನ್ನಿನ ಬಾಗಿಲು ತೆಗೆದ ಕೋರಾ ಹಾಗೇ ನಿಂತುಬಿಟ್ಟಳು. ಬೆಣ್ಣೆ ಸವರಿ, ಹೊಟ್ಟೆ ಖಾಲಿ ಬಿಟ್ಟು, "ಹೊತ್ತಾದ ಮೇಲೆ ಓವನ್ನಿಗಿಡು, ಅಷ್ಟೇ ಕೆಲಸ" ಎಂದು ಅಣ್ಣನಿಗೆ ಹೇಳಿ, ಚಿಕ್ಕಮ್ಮನನ್ನು ಕರೆತರಲು ಹೋಗುವಾಗ ಇಟ್ಟುಹೋಗಿದ್ದ ಟರ್ಕಿ ಕೋಳಿ ಈಗ ಬಸುರಿಯಂತೆ ಉಬ್ಬಿಕೊಂಡಿತ್ತು. ಕಟ್ಟೆಯ ಮೇಲಿದ್ದ ದೊಡ್ಡ ತಟ್ಟೆಯಲ್ಲಿ ಬ್ರೆಡ್ಡು, ಈರುಳ್ಳಿ, ಸೆಲರಿ ಕಲಸಿಟ್ಟಿದ್ದ ಹೂರಣ ಅರ್ಧಕ್ಕರ್ಧ ಮಾಯವಾಗಿತ್ತು.

"ನಾನೇ ತುಂಬಿದೆ," ಎಂದ ವೆಂಡೆಲ್. ಬಿಯರ್ ಡಬ್ಬಿ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಕ್ಲೀವ್‌ಲ್ಯಾಂಡಿನಿಂದ ಹಿಂದಿನ ದಿನವೇ ಬಂದು ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದವನು, ಬಂದಾಗಿನಿಂದ ಇದೊಂದೇ ರಾಗ ಎಳೆಯುತ್ತಿದ್ದ. "ಹೊಟ್ಟೆಯೊಳಗೆ ಬೆಂದರೆ ತಾನೇ ಅದು ಹೂರಣ? ತಟ್ಟೇಲಿ ಬೇಯಿಸಿದ್ರೆ ಒದ್ದೆ ಬ್ರೆಡ್ಡು. ಆಸ್ಪತ್ರೇಲಿ ಕೊಡ್ತಾರೆ ನೋಡು, ಅಂಥದ್ದು."

"ಆಸ್ಪತ್ರೆಯವರು ಹೇಳಿದ್ದಕ್ಕೇ ಕಣೋ ತಟ್ಟೇಲಿ ಮಾಡ್ತಿರೋದು! ಕೀಮೋ ನಡೀತಿರೋವಾಗ ಅರೆಬೆಂದದ್ದು ಲೈಲ್‌ನ ಬಾಯಿಗೆ ಹೋಗಬಾರದು ಅಂತ ನಿನ್ನೆಯಿಂದ ಎಷ್ಟು ಸಲ ಬಡ್ಕೊಂಡೆ? ಹಸಿ ಕೋಳಿಯ ನೀರೆಲ್ಲ ಆ ಬ್ರೆಡ್ಡೇ ಕುಡಿಯೋದು."

"ಅಮ್ಮ ನಲವತ್ತು ವರ್ಷ ಹಾಗೇ ಮಾಡಿದ್ಲು. ನಾವು ಯಾರೂ ಸತ್ತಿಲ್ಲವಲ್ಲ?"

ಒಳಕೋಣೆಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಕೋರಾಳ ಗಂಡ ಲೈಲ್ ಕೂಗಿ ಹೇಳಿದ: "ಹೋಗಲಿ ಬಿಡು ಕೋರಾ. ಒಂದು ಚಮಚ ತಿಂದ್ರೆ ನಾನೇನು ಸಾಯಲ್ಲ."

"ಸಾಯಬಹುದು ಅಂತಾನೇ ಡಾಕ್ಟರು ಹೇಳಿದ್ದು," ಎಂದಳು ಕೋರಾ. ತುಂಬಿದ್ದನ್ನು ಅಲ್ಲೇ ಗೋರಿ ಚೆಲ್ಲಲು ಸೌಟು ತೆಗೆದುಕೊಂಡಳು. ವೆಂಡೆಲ್ ಓವನ್ನಿಗೆ ಅಡ್ಡ ನಿಂತ. ಈ ಮನುಷ್ಯ ಈ ವಯಸ್ಸಿನವರೆಗೂ ಒಂದು ಮೊಟ್ಟೆ ಬೇಯಿಸಿದವನಲ್ಲ. ಹೆಂಡತಿ ಬಿಟ್ಟುಹೋದ ಮೇಲೆ ಮೂರು ಹೊತ್ತೂ ಹೋಟೆಲಿನ ಪೊಟ್ಟಣದ ಊಟ. ಆದರೆ ಅಮ್ಮನ ಅಡುಗೆಯ ವಿಷಯ ಬಂದರೆ ಮಾತ್ರ ಚರ್ಚಿನ ಪಾದ್ರಿಗಿಂತ ಗಟ್ಟಿಯಾಗಿ ಬೋಧನೆ ಮಾಡುತ್ತಿದ್ದ. "ಅಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ, ಆಗಲೇ ಅವಳ ಕೈಯಡುಗೇನೂ ಹೂಳಬೇಕಾ ನಿನಗೆ?" ಎಂದ.

ಕೋರಾ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ತಟ್ಟೆಯಲ್ಲಿ ಉಳಿದಿದ್ದ ಹೂರಣವನ್ನು ಓವನ್ನಿನ ಕೆಳಗಿನ ಅಂತಸ್ತಿಗೆ ತಳ್ಳಿ, ಬಾಗಿಲನ್ನು ದಡಾರನೆ ಮುಚ್ಚಿದಳು.

ಊಟದ ಹೊತ್ತಿಗೆ ಕೋಳಿಯ ಮೈ ಹೊಂಬಣ್ಣಕ್ಕೆ ತಿರುಗಿ, ಎದೆಮಾಂಸ ಇನ್ನು ಸ್ವಲ್ಪ ಬಿಟ್ಟರೆ ಒಣಗುವಂತಾಗಿತ್ತು. ಕೋರಾ ಥರ್ಮಾಮೀಟರಿನ ಕಡ್ಡಿಯನ್ನು ಹೊಟ್ಟೆಯ ನಡುವಿಗೆ ಚುಚ್ಚಿದಳು. ನೂರ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕಾದದ್ದು ನೂರ ಇಪ್ಪತ್ತೆಂಟಕ್ಕೆ ನಿಂತಿತ್ತು. "ನೋಡು," ಎಂದು ಅಣ್ಣನ ಮುಂದೆ ಹಿಡಿದಳು.

"ಅಮ್ಮನ ಹತ್ತಿರ ಇಂಥ ಕಡ್ಡಿಗಿಡ್ಡಿ ಏನೂ ಇರಲಿಲ್ಲ," ಎಂದ ವೆಂಡೆಲ್. ಕೋಳಿಯನ್ನು ತಾನೇ ಎತ್ತಿ ಮೇಜಿನ ನಡುವೆ ಇಟ್ಟು, ಹೊಟ್ಟೆಯಿಂದ ಮೊದಲ ಚಮಚ ತೋಡಿ ಲೈಲ್‌ನ ತಟ್ಟೆಯ ಕಡೆಗೆ ಚಾಚಿದ. ಕೋರಾ ಆ ತಟ್ಟೆಯನ್ನೇ ಎಳೆದುಕೊಂಡಳು. ಹೂರಣ ಮೇಜುಬಟ್ಟೆಯ ಮೇಲೆ ಬಿತ್ತು. ಅದರ ಸುತ್ತ ತೆಳು ಕೆಂಪು ನೀರು ಹರಡಿಕೊಂಡಿತು.

"ಲೋ ವೆಂಡೆಲ್, ಸಾಕು ಮಾಡೋ," ಎಂದರು ಥೆಲ್ಮಾ ಚಿಕ್ಕಮ್ಮ. ಅಮ್ಮನ ತಂಗಿ, ಕೋರಾ ಬೆಳಿಗ್ಗೆ ಹೋಗಿ ಕರೆತಂದಿದ್ದು ಇವರನ್ನೇ. "ನಿಮ್ಮಮ್ಮ ಹೊಟ್ಟೆಯೊಳಗೆ ತುಂಬಿ ಬೇಯಿಸಿದ್ದು ಒಂದೇ ಒಂದು ವರ್ಷ. ಆಗ ನಿಮ್ಮಪ್ಪ ವಾರಗಟ್ಟಲೆ ಹಾಸಿಗೆ ಹಿಡಿದ. ಆಮೇಲೆ ಎಲ್ಲಾ ವರ್ಷನೂ ತಟ್ಟೇಲೇ ಬೇಯಿಸಿದ್ದು. ಮೇಜಿಗೆ ತರೋಕೆ ಮುಂಚೆ, ಬೆಂದ ಕೋಳಿಯೊಳಗೆ ಬೆಂದ ಹೂರಣ ತುಂಬಿ ತರೋಳು. ಹೊಟ್ಟೆಯಿಂದ ತೆಗೆದು ಬಡಿಸದೇ ಹೋದ್ರೆ ನೀನು ನೆಲಕ್ಕೆ ಬಿದ್ದು ಹೊರಳಾಡ್ತಿದ್ಯಲ್ಲ, ಅದಕ್ಕೆ."

ವೆಂಡೆಲ್ ತಂಗಿಯ ಕಡೆ ತಿರುಗಿದ. "ಸುಳ್ಳು. ಅಲ್ವಾ?"

"ಬಿಸಿಬಿಸಿ ತುಂಬಿ ಕೈ ಸುಟ್ಕೊಳ್ತಿದ್ದವಳೇ ನಾನು," ಎಂದಳು ಕೋರಾ.

"ಮತ್ತೆ ನಿನ್ನೆಯಿಂದ ಯಾಕೆ ಬಾಯಿ ಬಿಡಲಿಲ್ಲ?"

"ಅಮ್ಮ ಇಲ್ಲದ ಮೊದಲನೇ ಹಬ್ಬ. ಆ ನೆನಪಾದ್ರೂ ನಿನಗೆ ಇರಲಿ ಅಂದ್ಕೊಂಡೆ."

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ತಲೆ ತಗ್ಗಿಸುತ್ತಿದ್ದರು. ವೆಂಡೆಲ್ ಹಾಗೆ ಮಾಡುವ ಜಾತಿಯಲ್ಲ. ಚಿಕ್ಕಮ್ಮನಿಗೆ ಅರಳುಮರಳು ಎಂದ. ಹೆಂಗಸರೆಲ್ಲ ಸೇರಿಕೊಂಡು ಅಮ್ಮನ ಹೆಸರು ಕೆಡಿಸುತ್ತಿದ್ದೀರಿ ಎಂದ. ಅಷ್ಟಕ್ಕೂ ನಿಲ್ಲದೆ, ಕೋಳಿಯನ್ನು ತನ್ನ ಮುಂದಕ್ಕೆಳೆದುಕೊಂಡು ಹೊಟ್ಟೆಯ ತಳದಿಂದ ಮೆತ್ತಗಿನ ಹೂರಣವನ್ನು ತೋಡಿ ತೋಡಿ ತಟ್ಟೆ ತುಂಬ ಹಾಕಿಕೊಂಡ. ಎಲ್ಲರೂ ನೋಡಲೆಂದು ನಿಧಾನವಾಗಿ ಅಗಿದ. ಎರಡನೇ ತುತ್ತಿಗೆ ಮುಖ ಹುಳ್ಳಗಾದರೂ ನುಂಗಿದ. "ಇದು ಕಣ್ರೀ ಅಮ್ಮನ ಕೈರುಚಿ!" ಎಂದು ಮೇಜು ಗುದ್ದಿದ.

ಕೋರಾ ಗರಿಗರಿಯಾದ ಅಂಚಿರುವ ಬಿಸಿ ತುಂಡೊಂದನ್ನು ತಾನು ತಟ್ಟೆಯಲ್ಲಿ ಬೇಯಿಸಿದ್ದ ಹೂರಣದಿಂದ ಗಂಡನಿಗೆ ಬಡಿಸಿದಳು. ಲೈಲ್ ಅದನ್ನು ಮುರಿದು ಬಾಯಿಗಿಟ್ಟುಕೊಂಡ. ವಾರಗಳ ನಂತರ ಅವನಿಗೆ ಊಟ ರುಚಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಚೆನ್ನಾಗಿ ಅಗಿದು ನುಂಗಿ, ವೆಂಡೆಲ್‌ನನ್ನೇ ನೋಡುತ್ತ ಹೆಂಡತಿಗೆ ಹೇಳಿದ:

"ಕೋರಾ, ವಾಂತಿಗೆ ಅಂತ ನನ್ನ ಮಂಚದ ಪಕ್ಕ ಇಡ್ತೀಯಲ್ಲ ಬಕೆಟ್ಟು, ಇವತ್ತು ಅದನ್ನ ನಿಮ್ಮಣ್ಣನ ಕೋಣೇಲಿಡು."